ಎರಡನೇ ಚರಣದ ಹಮ್ಮಿಂಗು

ಹಳೇ ಹಾಡಿನ ವಿಷಯದಲ್ಲಿ ನನ್ನನ್ನು ಮೀರಿಸೋರು ಬಾಣಸವಾಡಿಯಲ್ಲಿ ಇನ್ನೂ ಹುಟ್ಟಿಲ್ಲ! ಅದಕ್ಕೇ ನಮ್ಮ ಅಪಾರ್ಟ್‌ಮೆಂಟಿನ 'ಹಳೇ ಹಾಡು, ಹೊಸ ಗಂಟಲು' ಸ್ಪರ್ಧೆಗೆ ನಾನೇ ಜಡ್ಜು. ಹೆಂಡತಿ ಪ್ರತಿಭಾನೂ ಹಾಡ್ತಾಳೆ ಅಂತ ಗೊತ್ತಿದ್ದೇ ಒಪ್ಪಿಕೊಂಡೆ. ನ್ಯಾಯಪೀಠಕ್ಕೆ ಸಂಸಾರ ಅಡ್ಡ ಬರಬಾರದು, ಅಲ್ವಾ?

ಒಂದು ತಿಂಗಳು ಕುಕ್ಕರಿನ ಸೀಟಿಗೆ ಶ್ರುತಿ ಸೇರಿಸಿ ಅಭ್ಯಾಸ ಮಾಡಿದ್ದ ಪ್ರತಿಭಾ, ಅವತ್ತು ಒಂದಕ್ಷರ ತಪ್ಪದೆ ಹಾಡಿದಳು. ಅದೇ ಹಾಡನ್ನು ಮೂರನೇ ಮಹಡಿಯ ಶಾಂತಕುಮಾರಿಯವರೂ ಹಾಡಿದರು. ಎರಡನೇ ಚರಣದಲ್ಲಿ ಎರಡು ಸಾಲಿನ ಬದಲು 'ಹೂಂ... ಹೂಂಹೂಂ' ಅಂತ ಒಂದು ಹಮ್ಮಿಂಗ್ ಕೊಟ್ಟರು ನೋಡಿ, ನನ್ನ ಮೈ ಜುಮ್ಮೆಂದಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ದೊಮ್ಮಲೂರಿನ ಬಾಡಿಗೆ ರೂಮಿನಲ್ಲಿ ಕೂತು, ಗಣೇಶನ ಪೆಂಡಾಲಿನ ಲೌಡ್‌ಸ್ಪೀಕರಿನಿಂದ ಆ ಹಾಡನ್ನು ಮೊದಲ ಸಲ ಕೇಳಿದಾಗಲೂ ಇದೇ ಹಮ್ಮಿಂಗ್ ಇತ್ತು. ಶಾಂತಕುಮಾರಿಯವರಿಗೆ ಫಸ್ಟ್ ಕೊಟ್ಟೆ. ಪ್ರತಿಭಾಗೆ ಎರಡು ಮಾರ್ಕ್ಸ್ ಕಟ್, ಸೆಕೆಂಡ್.

ಮನೆಗೆ ಬಂದ ಮೇಲೆ ವಿಚಾರಣೆ ಶುರುವಾಯಿತು.

"ಏನ್ರೀ ತಪ್ಪಿತ್ತು ನನ್ನ ಹಾಡಲ್ಲಿ?"

"ಹಮ್ಮಿಂಗ್ ಬಿಟ್ಟೆ. ಒರಿಜಿನಲ್‌ನಲ್ಲಿದೆ."

"ಎಲ್ಲಿದೆ, ಕೇಳ್ಸಿ."

ಕೇಳಿಸಿದೆ. ಇರಲಿಲ್ಲ. "ಕ್ಯಾಸೆಟ್‌ನೋರು ಕತ್ತರಿಸಿರ್ತಾರೆ ಕಣೇ," ಅಂದೆ. ಯೂಟ್ಯೂಬಿನಲ್ಲಿ ಅದೇ ಹಾಡನ್ನು ಬೇರೆಯವರು ಹಾಡಿದ ಕವರ್‌ಗಳ ಬೇಟೆ ಶುರುವಾಯಿತು. ಗಿಟಾರ್ ಹಿಡಿದು ಹಾಡಿದ್ದು, ಕಾಲೇಜು ಹುಡುಗರ ರಾಕ್ ಬ್ಯಾಂಡಿನದ್ದು, ಮಕ್ಕಳನ್ನು ಮಲಗಿಸೋಕೆ ಅಂತ ಎಳೆದೆಳೆದು ಹಾಡಿದ್ದು, ಒಟ್ಟು ಹದಿನೇಳು ಕೇಳಿದೆ. ಪಾಪಿಗಳು, ಎಲ್ಲರೂ ಸಾಹಿತ್ಯಾನೇ ಹಾಡ್ತಾರೆ! ಮನೆಯಲ್ಲಿ ಎಂಟು ದಿನ ಬರೀ ಉಪ್ಪಿಟ್ಟು. ಅದನ್ನಾದರೂ ನುಂಗಬಹುದು, ಪ್ರತಿಭಾ ಹಾಡೋದನ್ನೇ ನಿಲ್ಲಿಸಿಬಿಟ್ಟಿದ್ದಳು, ಅದನ್ನು ನುಂಗೋಕಾಗಲಿಲ್ಲ. ಜೊತೆಗೆ ತಲೆಯಲ್ಲೊಂದು ಹುಳ: ಹಾಗಾದ್ರೆ ಅವತ್ತು ನಾನು ಕೇಳಿದ್ದೇನು?

ಕೊನೆಗೆ, ಸ್ಪರ್ಧೆಗೆ ಕೀಬೋರ್ಡ್ ನುಡಿಸಿದ್ದ, ಹಳೇ ಪೆಂಡಾಲುಗಳನ್ನೆಲ್ಲ ಕಂಡಿದ್ದ ಗುಲ್ಷನ್‌ಗೆ ಫೋನ್ ಮಾಡಿದೆ.

"ದೊಮ್ಮಲೂರು ಗಣೇಶನಾ? ಅದು ರೆಕಾರ್ಡ್ ಅಲ್ಲ ಸಾರ್, ನಮ್ಮ ಆರ್ಕೆಸ್ಟ್ರಾ! ಹಾಡಿದ್ದು ನೂರುನ್ನೀಸಾ ಆಪಾ. ಈಗ್ಲೂ ರಿಚರ್ಡ್ಸ್ ಟೌನಲ್ಲೇ ಇದಾರೆ, ಹೋಗಿ ಕೇಳಿ."

ಗೆದ್ದೆ ಅಂದುಕೊಂಡು ಪ್ರತಿಭಾಳನ್ನೂ ಹೊರಡಿಸಿದೆ. ನೂರುನ್ನೀಸಾ ಅವರಿಗೆ ಎಪ್ಪತ್ತರ ಹತ್ತಿರ. ಚಹಾ ಕೊಟ್ಟು, ನನ್ನ ಪ್ರಶ್ನೆ ಕೇಳಿ, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಅದಾ? ಗಾಳಿಗೆ ಹಾಡಿನ ಬುಕ್ಕಿನ ಹಾಳೆ ಮಗುಚ್ಕೊಂಡ್ಬಿಡ್ತಪ್ಪಾ. ಎರಡು ಲೈನ್ ಮರ್ತೇ ಹೋಯ್ತು. ಹೂಂ ಹೂಂ ಅಂದ್ಬಿಟ್ಟೆ. ಮರ್ತೋರೆಲ್ಲ ಮಾಡೋದು ಅದೇ ತಾನೆ?"

ಅಂದರೆ ಶಾಂತಕುಮಾರಿಯವರೂ ಸಾಲು ಮರೆತಿದ್ದರು, ನಾನು ಫಸ್ಟ್ ಪ್ರೈಜು ಕೊಟ್ಟಿದ್ದು ಮರೆವಿಗೆ!

"ಅದು ಬಿಟ್ಟಿದ್ದಕ್ಕೇ ನಂಗೆ ಸೆಕೆಂಡ್ ಬಂತು ಆಂಟಿ," ಅಂದಳು ಪ್ರತಿಭಾ.

"ಹೌದಾ? ಎಲ್ಲಿ, ಹಾಡು ಮಗಳೇ."

ಎಂಟು ದಿನದ ಮೇಲೆ ಹಾಡಿದಳು. ಅಷ್ಟು ಹತ್ತಿರ ಕೂತು, ಮಾರ್ಕ್ಸ್ ಪಟ್ಟಿ ಇಲ್ಲದೆ ಕೇಳಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ನೂರುನ್ನೀಸಾ ಕಣ್ಣೊರೆಸಿಕೊಂಡು ಕೇಳಿದರು, "ಇಂಥವಳಿಗೆ ಸೆಕೆಂಡ್ ಕೊಟ್ಟ ಆ ಜಡ್ಜ್ ಯಾರಮ್ಮ?"

ನಾನು ಖಾಲಿ ಕಪ್ಪನ್ನೇ ಇನ್ನೊಂದು ಸಲ ಕುಡಿದೆ. ಪ್ರತಿಭಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೋ ಹೊಸಬರು ಆಂಟಿ, ಪಾಪ. ಹಳೇ ಹಾಡು ಕೇಳಿ ಅಭ್ಯಾಸ ಇಲ್ಲ."