ಕ್ಯಾಲೆಂಡರಿನ ಹಸು ಗೃಹಪ್ರವೇಶಕ್ಕೆ ಬಂದದ್ದು

ನಮ್ಮ ಹಿಂದೂಪುರದ ಕಡೆ ಹೊಸ ಕಂಪನಿಗಳು ಹುಟ್ಟುತ್ತಲೇ ಇರುತ್ತವೆ. ಒಂದು ಚೀಟಿ ನಡೆಸುತ್ತದೆ, ಇನ್ನೊಂದು ಸಾಲ ಕೊಡುತ್ತದೆ, ಮತ್ತೊಂದು ನಮ್ಮ ಪ್ರಾಣಕ್ಕೆ ಬೆಲೆ ಕಟ್ಟುತ್ತದೆ. ನಮ್ಮ ತಾಳ್ಮೆ ಎಷ್ಟಿದೆಯೆಂದು ನೋಡಲು ಭಗವಂತನೇ ಇವರನ್ನು ಕಳಿಸುತ್ತಾನೆಂದು ನಾನು ತಿಳಿದಿದ್ದೇನೆ. ಅಂಥದ್ದೊಂದು ಕಂಪನಿ ಬೆಳೆದ ಚಂದ ಹೇಳುತ್ತೇನೆ.

ಮನೆಮಗ

ಅದು ಹುಟ್ಟಿದ್ದು ಕಲ್ಯಾಣದುರ್ಗದಲ್ಲಿ, ಕಡಲೆಕಾಯಿ ಮಿಲ್ಲಿನ ಮೇಲಿನ ಕೋಣೆಯಲ್ಲಿ. ಒಂದು ಮೇಜು, ಒಂದು ಲಕ್ಷ್ಮೀ ಪಟ, ಒಬ್ಬ ಯಜಮಾನ, ಅಷ್ಟೇ. ಆಗ ಆತನೇ ಬಸ್ಸು ಹತ್ತಿ, ಸಾಲ, ವಿಮೆ ಎಂದು ಹಳ್ಳಿಹಳ್ಳಿ ಸುತ್ತುತ್ತಿದ್ದ. ಲೇಪಾಕ್ಷಿ ಪಕ್ಕದ ನಮ್ಮೂರಿಗೂ ಬಂದು, ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿದು, ತನ್ನನ್ನು ಮನೆಮಗ ಅಂದುಕೊಳ್ಳಿ ಎಂದ.

ಆಮೇಲೆ ಕಂಪನಿ ಬೆಳೆಯಿತು. ಹಿಂದೂಪುರಕ್ಕೆ ಬಂತು, ಗಾಜಿನ ಬಾಗಿಲು ಹಾಕಿಸಿಕೊಂಡಿತು, ಯಜಮಾನ ಚೇರ್ಮನ್ ಆದ. ಒಮ್ಮೆ ಹೋಗಿದ್ದೆ. ಯಾರನ್ನು ನೋಡಬೇಕೆಂದು ಬಾಗಿಲಿನವನು ಕೇಳಿದ. ನನ್ನ ಮಗನನ್ನು ಎಂದೆ. ಟೋಕನ್ ಕೊಟ್ಟು ಕೂರಿಸಿದ. ಸಂಜೆವರೆಗೂ ಕೂತೆ, ಮಗ ಹಿಂಬಾಗಿಲಲ್ಲಿ ಕಾರು ಹತ್ತಿ ಹೋಗಿದ್ದ.

ಕಿವಿ

ನಮ್ಮ ಪಕ್ಕದ ಮನೆಯ ಅಕ್ಕ ಒಂಟಿ ಹೆಂಗಸು. ಒಂದು ಕಪಿಲೆ ಹಸುವಿನ ಹಾಲಿನಿಂದಲೇ ಅವಳ ಒಲೆ ಉರಿಯಬೇಕು. ಅದಕ್ಕೆ ವಿಮೆ ಮಾಡಿಸಿದಾಗ ಕಂಪನಿಯವರು ಕಿವಿಗೆ ಹಳದಿ ಬಿಲ್ಲೆ ಚುಚ್ಚಿದರು. ಹಸು ಲಕ್ಷಣವಾಗಿದೆಯೆಂದು ತಮ್ಮ ಕ್ಯಾಲೆಂಡರಿಗೂ ಹಾಕಿಕೊಂಡರು.

ಹಸು ಹಾವು ಕಚ್ಚಿ ಸತ್ತಿತು. ಮ್ಯಾನೇಜರು ಬಂದು, ಮೂಗಿಗೆ ಕರ್ಚೀಫು ಹಿಡಿದು ನೋಡಿ, ಸತ್ತದ್ದಕ್ಕೆ ಸಾಕ್ಷಿಯಾಗಿ ಬಿಲ್ಲೆಯಿರುವ ಕಿವಿಯನ್ನು ಕೊಯ್ದು ಆಫೀಸಿಗೆ ತರಬೇಕೆಂದು ಹೇಳಿ ಹೋದ. ಹಾಲು ಕೊಟ್ಟ ತಾಯಿಗೆ ಕತ್ತಿ ಹಾಕುವುದುಂಟೇ? ಅಕ್ಕ ಅರಿಶಿನ ಕುಂಕುಮವಿಟ್ಟು, ಹೊಸ ಸೀರೆ ಹೊದಿಸಿ, ಬಿಲ್ಲೆ ಸಮೇತ ಹೂಳಿಸಿದಳು. ಬಂದಷ್ಟು ಮಂತ್ರ ನಾನೇ ಹೇಳಿದೆ.

ಆಫೀಸಿಗೆ ಹೋದರೆ ಅದೇ ಮ್ಯಾನೇಜರು ಕೈ ಚಾಚಿ, ಕಿವಿ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ. "ಚೆವಿ ಏದಮ್ಮಾ?"

ಕಿವಿ ಮಣ್ಣಿನಲ್ಲಿದೆ ಎಂದಳು ಅಕ್ಕ.

"ಕಿವಿ ಬರದಿದ್ರೆ, ನಮ್ಮ ಲೆಕ್ಕದಾಗೆ ಹಸು ಬದುಕೈತೆ ಕಣಮ್ಮ."

ನೀವೇ ಕಣ್ಣಾರೆ ನೋಡಿದ್ದೀರಲ್ಲ ಎಂದೆ ನಾನು. ನೋಡಿದ್ದು ಮನುಷ್ಯನಾಗಿ, ಮ್ಯಾನೇಜರಾಗಿ ಅಲ್ಲ ಎಂದ. ಅವನು ಮನುಷ್ಯನಾಗಿದ್ದದ್ದು ಅದೊಂದೇ ದಿನವಿರಬೇಕು.

ಪ್ರವೇಶ

ಕಂಪನಿ ಇನ್ನೂ ಉಬ್ಬಿ, ಪೆನುಕೊಂಡ ರಸ್ತೆಯಲ್ಲಿ ಸ್ವಂತ ಕಟ್ಟಡ ಕಟ್ಟಿತು. ಹೊಸ ಕಟ್ಟಡಕ್ಕೆ ಮೊದಲು ಹಸು ಕಾಲಿಡಬೇಕಲ್ಲ, ನಮ್ಮ ಮನೆಮಗನಿಗೆ ಕ್ಯಾಲೆಂಡರಿನ ಹಸುವೇ ಬೇಕಾಯಿತು. ಅದು ಸತ್ತ ಸುದ್ದಿ ಅವನವರೆಗೆ ಮುಟ್ಟಿರಲಿಲ್ಲ. ಮ್ಯಾನೇಜರಿಗೂ ತಿಳಿಸದೆ ತಾನೇ ಅಕ್ಕನಿಗೆ ಫೋನು ಮಾಡಿ ಕರೆದ. ಅಕ್ಕ "ಬತ್ತೀನಿ" ಅಂದಳು. ಹಸು ತರುತ್ತೇನೆ ಅನ್ನಲಿಲ್ಲ.

ಮುಹೂರ್ತಕ್ಕೆ ಸರಿಯಾಗಿ ನಾನೂ ಅಕ್ಕನೂ ಹೋದೆವು. ಅವಳ ಕೈಯಲ್ಲಿ ಬರೀ ಹಗ್ಗ, ತುದಿಯಲ್ಲಿ ಗಂಟೆ. ಸಾಲ ಕೊಟ್ಟವರು, ಸಾಲ ತಗೊಂಡವರು ಎಲ್ಲ ರೇಷ್ಮೆಯುಟ್ಟು ನಿಂತಿದ್ದರು. ಹಸು ಎಲ್ಲಿದೆಯಮ್ಮ ಎಂದ ಚೇರ್ಮನ್.

"ಬದುಕೈತೆ ಅಂತ ಈ ಸಾರು ಹೇಳವ್ರೆ ಕಣಪ್ಪ," ಎಂದು ಅಕ್ಕ ಮ್ಯಾನೇಜರನ್ನು ತೋರಿಸಿದಳು. "ಎಲ್ಲಿ ಕಟ್ಟವ್ರೋ ಕೇಳಿ. ಹಗ್ಗ ತಂದಿವ್ನಿ."

ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದರು. ಚೇರ್ಮನ್ ಮ್ಯಾನೇಜರನ್ನು ನೋಡಿದ. ಮ್ಯಾನೇಜರು ನೆಲ ನೋಡಿ, ಅದು ಸತ್ತುಹೋಗಿದೆ, ತಾನೇ ನೋಡಿದ್ದೇನೆ ಎಂದ.

"ಯಾರಾಗಿ ನೋಡಿದ್ರಿ ಸಾರ್?" ಅಂದೆ.

"ಮ್ಯಾನೇಜರಾಗೇ," ಎಂದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಎಲ್ಲರಿಗೂ ಕೇಳಲಿ ಎಂದಳು ಅಕ್ಕ. ಅದನ್ನೂ ಮಾಡಿದ. ಅಷ್ಟು ಜನರ ಮುಂದೆ ಚೇರ್ಮನ್‌ಗೆ ಬೇರೆ ದಾರಿಯಿರಲಿಲ್ಲ; ವಿಮೆ ಹಣದ ಚೆಕ್ಕಿಗೆ ಅಲ್ಲೇ ಸಹಿ ಹಾಕಿದ. ಅಕ್ಕ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಹಿಂದಿನ ಬೀದಿಯಿಂದ ಯಾವುದೋ ಹಸುವನ್ನು ಎಳೆದು ತಂದರು. ಅದು ಗಾಜಿನ ಬಾಗಿಲು, ಹೊಳೆಯುವ ನೆಲ ನೋಡಿ ಹೊಸ್ತಿಲಲ್ಲೇ ಕಾಲೂರಿ ನಿಂತಿತು. ಮ್ಯಾನೇಜರು ಹಿಂದಿನಿಂದ ತಳ್ಳಿದ, ಚೇರ್ಮನ್ ಮುಂದಿನಿಂದ ಬಾಳೆಹಣ್ಣು ತೋರಿಸಿದ. ಜಗ್ಗಲಿಲ್ಲ. ಕೊನೆಗೆ ಚೇರ್ಮನ್ ನನ್ನ ಕಡೆ ತಿರುಗಿ, ಹಿರಿಯರು ನೀವು, ಏನಾದರೂ ಹೇಳಿ ಎಂದ.

"ಟೋಕನ್ ಕೊಟ್ಟಿಲ್ಲವಲ್ಲ ಮಗಾ," ಎಂದೆ. "ಅದಕ್ಕೇ ನಿಂತೈತೆ."