ಬೋಣಿ ಕಡ್ಡಾಯ ಆದೇಶ

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ, ಕಲೀಮುಲ್ಲಾ ಸಾಹೇಬರ ಬಟ್ಟೆ ಅಂಗಡಿಯ ಮುಂದೆ ಬ್ಯಾಂಡ್‌ಸೆಟ್ ಬಾರಿಸಲಾಯಿತು. ಯಾಕೆ, ಹೇಳಿ ನೋಡೋಣ? ಮದುವೆಯೇ? ಅಲ್ಲ. ಎಲೆಕ್ಷನ್ನೇ? ಅದೂ ಅಲ್ಲ ಸ್ವಾಮಿ. ಒಂದು ಕರ್ಚೀಫು ಮಾರಾಟವಾಗಿತ್ತು!

ಆರ್ಥಿಕ ಹಿಂಜರಿತಕ್ಕೆ ಕಾರಣ ಜನರ ಕೈಯಲ್ಲಿ ಕಾಸಿಲ್ಲದಿರುವುದಲ್ಲ, ವ್ಯಾಪಾರಿಗಳ ಸಪ್ಪೆ ಮೋರೆ ಎಂಬುದನ್ನು ಮಾರುಕಟ್ಟೆ ಉಲ್ಲಾಸ ನಿರ್ದೇಶನಾಲಯವು ದೊಡ್ಡ ಹೋಟೆಲೊಂದರಲ್ಲಿ ಊಟದ ನಂತರ ಪತ್ತೆಹಚ್ಚಿತ್ತು. ಆದ್ದರಿಂದ ಆದೇಶ: 'ಬೆಳಿಗ್ಗೆ ಹನ್ನೊಂದರೊಳಗೆ ಮೊದಲ ವ್ಯಾಪಾರ, ಅಂದರೆ ಬೋಣಿ, ಆಗದ ಅಂಗಡಿಯನ್ನು ಹಿಂಜರಿತ ಹರಡಿದ ಕಾರಣಕ್ಕೆ ಸೀಲ್ ಮಾಡತಕ್ಕದ್ದು. ಸಿಬ್ಬಂದಿಯನ್ನು ಗ್ರಾಹಕರೆಂದು ಪರಿಗಣಿಸತಕ್ಕದ್ದಲ್ಲ.'

ಹನ್ನೊಂದು ಹತ್ತಿರವಾಯಿತು. ನರಪಿಳ್ಳೆಯ ಸುಳಿವಿಲ್ಲ. ಸಾಹೇಬರು ತಮ್ಮ ಒಬ್ಬನೇ ಸೇಲ್ಸ್‌ಮನ್ ಭಗವಂತರಾಯನತ್ತ ತಿರುಗಿದರು. ಕಲಬುರಗಿ ಕಡೆಯವನು. ಅಂದು ಸಂಬಳದ ದಿನ. ಸಂಜೆಯೊಳಗೆ ಬಾಡಿಗೆ ಕೊಡದಿದ್ದರೆ ರಾಮಮೂರ್ತಿ ನಗರದ ಕೋಣೆಯಿಂದ ಸಾಮಾನು ಹೊರಗೆ.

"ಭಗವಂತ, ಅರ್ಜೆಂಟಾಗಿ ಒಂದು ಕರ್ಚೀಫ್ ತಗೋ."

"ನಾ ಸಿಬ್ಬಂದಿ ಅದೀನ್ರಿ ಸಾಹೇಬ್ರ."

"ಅರೆ, ಅದೇ ಪ್ರಾಬ್ಲಮ್ಮು. ನಿನ್ನ ಕೆಲಸದಿಂದ ತೆಗ್ದಿದೀನಿ ಈಗ. ಬೋಣಿ ಆದ್ಮೇಲೆ ಮತ್ತೆ ಸೇರ್ಕೊಳ್ಳುವಂತೆ."

"ಮತ್ತ ನನ್ನ ಪಗಾರ್ರೀ?"

"ಸೇರಿದ್ಮೇಲೆ ಕೊಡ್ತೀನಲ್ಲ ಮಿಯಾ!"

ಭಗವಂತರಾಯ ಸಿಬ್ಬಂದಿಯಾಗಿ ಮೆಟ್ಟಿಲಿಳಿದ, ಗ್ರಾಹಕನಾಗಿ ಹತ್ತಿದ. ಬಸ್ಸಿನ ದುಡ್ಡು ಕೊಟ್ಟು ಕರ್ಚೀಫು ಕೊಂಡ. ಅಭ್ಯಾಸಬಲದಿಂದ ತಾನೇ ಮಡಚಿ, ಕವರಿಗೆ ಹಾಕಿ, "ಮತ್ತೇನ್ ತೋರಿಸ್ಲಿ ಸರ್?" ಎಂದು ತನ್ನನ್ನೇ ಕೇಳಿಕೊಂಡ.

ಅಷ್ಟರಲ್ಲಿ ನಿರ್ದೇಶನಾಲಯದ ಶಾಂಭವಿ ಮೇಡಂ ತಪಾಸಣೆಗೆ ಬಂದರು.

"ಬೋಣಿಗಾಗಿ ಏನು ಕ್ರಮ ಕೈಗೊಂಡಿರಿ?"

"ಒಬ್ಬನ್ನ ಕೆಲಸದಿಂದ ತೆಗ್ದೆ ಮೇಡಂ."

"ಗಿರಾಕಿ ಬಂದರೇ?"

"ತಕ್ಷಣ!"

ಮೇಡಂ ಕಣ್ಣಲ್ಲಿ ಆನಂದಬಾಷ್ಪ. ಹಿಂಜರಿತಕ್ಕೆ ಮದ್ದು ಸಿಕ್ಕಿತ್ತು! ನಿಂತ ನಿಲುವಿನಲ್ಲೇ ಸುತ್ತೋಲೆ ಹೊರಟಿತು: ಪ್ರತಿ ಅಂಗಡಿಯೂ ಒಬ್ಬೊಬ್ಬರನ್ನು ಕೆಲಸದಿಂದ ತೆಗೆಯತಕ್ಕದ್ದು, ಮರಳಿ ಸೇರಿಸಿಕೊಂಡರೆ ರೋಗ ಮರುಕಳಿಸುವುದರಿಂದ ಅದಕ್ಕೆ ನಿಷೇಧ. ಬ್ಯಾಂಡ್‌ಸೆಟ್ ಬಂತು. 'ಮಾದರಿ ಗ್ರಾಹಕ' ಭಗವಂತರಾಯನಿಗೆ ಹಾರ ಬಿತ್ತು.

"ಮೇಡಂ, ನನ್ನ ಕೆಲಸ?"

"ನೀವೀಗ ಗ್ರಾಹಕರು. ನಾಳೆಯೂ ಖರೀದಿಗೆ ಬರಬೇಕು."

"ರೊಕ್ಕ ಎಲ್ಲಿಂದ ತರ್ಲಿರಿ?"

"ಅದು ಬೇರೆ ಇಲಾಖೆ."

"ನಗು ಭಗವಂತ," ಸಾಹೇಬರು ಪಿಸುಗುಟ್ಟಿದರು. "ಸಪ್ಪೆ ಮೋರೆಗೆ ಫೈನ್ ಇದೆ." ಭಗವಂತರಾಯ ನಕ್ಕ. ಸುತ್ತೋಲೆಯಿಂದ ಆಗಷ್ಟೇ ಕೆಲಸ ಕಳೆದುಕೊಂಡಿದ್ದ ಗಲ್ಲಿಯ ಸೇಲ್ಸ್‌ಮನ್‌ಗಳೆಲ್ಲ ನಗುತ್ತ ಚಪ್ಪಾಳೆ ತಟ್ಟಿದರು.

ಅವನು ನಡೆದು ಮನೆ ಮುಟ್ಟುವಷ್ಟರಲ್ಲಿ, ಒಳ್ಳೆಯ ಕಾಲ ಬಂತೆಂದು ಓನರು ಬಾಡಿಗೆ ಏರಿಸಿ, ಸಾಮಾನು ರಸ್ತೆಗಿಟ್ಟಿದ್ದರು. ಪಾತ್ರೆಗಳ ನಡುವೆ ಕೂತಿದ್ದ ಹೆಂಡತಿ ಅಮೃತಮ್ಮ ಎಲ್ಲ ಕೇಳಿ, ನಿಟ್ಟುಸಿರು ಬಿಟ್ಟಳು: "ಛಲೋ ಆಯ್ತು ಬಿಡ್ರಿ, ಆ ಹಿಂಜರಿತ ಅಂಬೋದು ಹೋಯ್ತಲ್ಲ. ಅದೂ ಇದ್ದಿದ್ರ ನಮ್ಮ ಗತಿ ಏನಿತ್ತೋ!"

ಹಿಂಜರಿತವು ಅಧಿಕೃತವಾಗಿ ಮುಗಿದದ್ದು ೨೦೨೪ನೇ ಇಸವಿ, ಜುಲೈ ಒಂದು, ಸೋಮವಾರ.