ಮೌಸ್ ಮುಟ್ಟದ ನನ್ನ ತಮ್ಮ

ನನ್ನ ತಮ್ಮನ ಎಡಗೈ ಕಿರುಬೆರಳನ್ನು ಯಾರಾದರೂ ಒಂದು ವಾರ ಕಟ್ಟಿಹಾಕಿದರೆ ಬೇಲೂರಿನಲ್ಲಿ ಅರ್ಧ ಜಗಳ ನಿಂತುಹೋಗುತ್ತದೆ. ಇದನ್ನು ಅವನ ಮುಖದ ಮೇಲೇ ಹೇಳಿದ್ದೇನೆ. ಆ ಬೆರಳನ್ನು ಕಂಪ್ಯೂಟರಿನ ಕಂಟ್ರೋಲ್ ಗುಂಡಿಯ ಮೇಲೆ ಊರಿಕೊಂಡೇ ನಕ್ಕ.

ಈ ಸಲ ನನ್ನ ಸಿಟ್ಟಿಗೆ ಕಾರಣ ನನ್ನ ತೋಟದ ದಾರಿ. ಪಕ್ಕದ ಜಮೀನಿನವನು ಬಂಡಿದಾರಿಗೆ ಮುಳ್ಳುಬೇಲಿ ಎಳೆದಿದ್ದಾನೆ. ಕೆಡವಿದ ತೆಂಗಿನಕಾಯಿ ತೋಟದಲ್ಲೇ ರಾಶಿ ಬಿದ್ದಿದೆ. ತಹಸೀಲ್ದಾರರು ಅರ್ಜಿ ತೆಗೆದುಕೊಳ್ಳುವುದು ಸೋಮವಾರ ಮಾತ್ರ, ಅದೂ ಮಧ್ಯಾಹ್ನ ಒಂದು ಗಂಟೆಯ ತನಕ. ಅರ್ಜಿ ಬರೆಯಬೇಕಾದವನು ಯಾರು? ಇದೇ ನನ್ನ ತಮ್ಮ!

ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅವನ ಕೆಲಸ. ಅದಕ್ಕೆ ಮೊದಲು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿಗೆ ಮೊದಲು ಬಂದ ಕಂಪ್ಯೂಟರಿಗೆ ಕಪ್ಪು ಪರದೆ. ಮೌಸ್ ಇಲ್ಲ. ಕಂಟ್ರೋಲ್ ಹಿಡಿದು ಇ ಒತ್ತಿದರೆ ಮೇಲಿನ ಸಾಲಿಗೆ ಹೋಗಬೇಕು, ಎಕ್ಸ್ ಒತ್ತಿದರೆ ಕೆಳಗಿನ ಸಾಲಿಗೆ, ವೈ ಒತ್ತಿದರೆ ಸಾಲೇ ಮಾಯ. ಊಟಕ್ಕೆ ಬಂದಾಗಲೆಲ್ಲ ತಟ್ಟೆಯ ಅಂಚಿನ ಮೇಲೆ ಎಡಗೈ ಬೆರಳು ಕುಣಿಸಿ ತೋರಿಸುತ್ತಿದ್ದ. ಮೂರನೇ ಕ್ಲಾಸು ಓದಿದ ನನಗೂ ಬಾಯಿಪಾಠ ಆಗಿದೆ. ಕಲಿತದ್ದು ತಪ್ಪಲ್ಲ. ಮರೆಯಲಿಲ್ಲವಲ್ಲ, ಅದು ತಪ್ಪು. ಮಂಡಿ ಮುಚ್ಚಿತು, ತಲೆಕೂದಲು ಉದುರಿತು, ಆ ಗುಂಡಿಗಳು ಮಾತ್ರ ತಲೆಯಲ್ಲಿ ಉಳಿದವು.

ಈಗಿನ ಕಂಪ್ಯೂಟರಿನಲ್ಲಿ ಅದೇ ಇ ಒತ್ತಿದರೆ ಸಾಲು ಪುಟದ ನಡುವಿಗೆ ಹೋಗಿ ನಿಲ್ಲುತ್ತದೆ. ಹೀಗೆ ನಮ್ಮ ಮಾದಿಹಳ್ಳಿಯವರೊಬ್ಬರ ಚರಂಡಿಯ ದೂರು ಲಗ್ನಪತ್ರಿಕೆಯ ಹಾಗೆ ಅಚ್ಚಾಗಿ ಬಂತು. ಕಚೇರಿಯವರು ಮುಹೂರ್ತ ಎಷ್ಟು ಗಂಟೆಗೆ ಎಂದು ಕೇಳಿದರಂತೆ.

ಬುದ್ಧಿ ಬಂತೇ? ಇಲ್ಲ. ಹಾಸನದಿಂದ ಯಾರನ್ನೋ ಕರೆತಂದು, ಹೊಸ ಕಂಪ್ಯೂಟರ್ ಹಳೇ ಗುಂಡಿಗಳ ಮಾತು ಕೇಳುವ ಹಾಗೆ ಏನೋ ಹಾಕಿಸಿದ. ಅಲ್ಲಿಂದ ಮುಂದೆ ಅವನೇ ರಾಜ! ಆದರೆ ಅಂಗಡಿಯ ಯಜಮಾನಿ ಈ ಕಾಲದವರು. ಬಸ್ತಿಹಳ್ಳಿಯವರೊಬ್ಬರ ಕ್ರಯಪತ್ರ ತಿದ್ದುವಾಗ ರದ್ದು ಮಾಡಿದ್ದನ್ನು ವಾಪಸ್ ತರಲೆಂದು, ಅದೇ ಕಂಪ್ಯೂಟರಿನಲ್ಲಿ, ಅಭ್ಯಾಸಬಲದಿಂದ ಅವರು ಕಂಟ್ರೋಲ್ ವೈ ಒತ್ತಿದರು. ಚೆಕ್ಕುಬಂದಿಯಲ್ಲಿ ಪೂರ್ವ ದಿಕ್ಕಿನ ಸಾಲು ಹಾರಿಹೋಯಿತು. ಯಾರೂ ನೋಡಲಿಲ್ಲ. ನಾಲ್ಕು ಎಲ್ಲೆ ಇರಬೇಕಾದ ಜಮೀನಿಗೆ ಮೂರೇ ಎಲ್ಲೆ. ಪೂರ್ವಕ್ಕೆ ಸೂರ್ಯ ಹುಟ್ಟುವ ತನಕ ಕೊಂಡವನದೇ! ಯಜಮಾನಿ ಅದೇ ದಿನ ಆ ಹಳೇ ವಿದ್ಯೆಯನ್ನು ಕಿತ್ತುಹಾಕಿಸಿ, ಎಲ್ಲರಂತೆ ಮೌಸ್ ಹಿಡಿಯಿರಿ ಎಂದರು. ಇವನು ತಲೆಯಾಡಿಸಿದ. ಹಿಡಿಯಲಿಲ್ಲ.

ಹೋದ ಸೋಮವಾರ ಮೊದಲ ಬಸ್ಸಿಗೆ ಹೋಗಿ ಅವನೆದುರು ಕೂತೆ. ನನಗಿಂತ ಮೊದಲು ಬಂದವರ ಕೆಲಸವೆಲ್ಲ ಮುಗಿದು ನನ್ನ ಸರದಿ ಬರುವಾಗ ಹನ್ನೆರಡು ದಾಟಿತ್ತು. ಅರ್ಜಿ ಟೈಪು ಮಾಡಿದ. ಸರ್ವೆ ನಂಬರ್ ತಪ್ಪಿತ್ತು. ತಿದ್ದಲು ಮೇಲಿನ ಸಾಲಿಗೆ ಹೋಗಬೇಕು. ಇ ಒತ್ತಿದ. ಸಾಲು ನಡುವಿಗೆ ಓಡಿತು. ಮತ್ತೆ ಒತ್ತಿದ, ಅಂಚಿಗೆ ಬಂತು. ಮತ್ತೆ ನಡುವಿಗೆ. ಬೇಲಿ ಹಾಕಿದವನು ಕೂಡ ನನ್ನನ್ನು ಇಷ್ಟು ಓಡಾಡಿಸಿರಲಿಲ್ಲ.

ಬಲಗಡೆ ಬಾಣದ ಗುರುತಿನ ಗುಂಡಿಗಳಿವೆ, ಅವನ್ನೂ ಮುಟ್ಟ! ಗಡಿಯಾರ ಹನ್ನೆರಡೂ ಮುಕ್ಕಾಲು. ನನಗೆ ಸಿಟ್ಟು ನೆತ್ತಿಗೇರಿತು. ಅವನ ಬಲಗೈ ಎಳೆದು ಮೌಸಿನ ಮೇಲೆ ಇಟ್ಟೆ.

"ಹಿಡ್ಕಳ್ಳೋ. ಹಾವೇನು ಕಚ್ಚಕ್ಕೆ?"

ಹಿಡಿದ. ಪರದೆಯ ಮೇಲಿನ ಬಾಣ ನಡುಗಿತು. ಸರ್ವೆ ನಂಬರಿನ ಹತ್ತಿರ ಬಂದು, ದಾಟಿಹೋಗಿ, ಮತ್ತೆ ಬಂದು, ಮತ್ತೆ ದಾಟಿತು. ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಅವನ ಕೈ ನೋಡಿದೆ.

"ಎಷ್ಟು ದಿನದಿಂದ?" ಎಂದೆ.

"ಎರಡು ವರ್ಸ ಆತು ಅಕ್ಕ. ಗುಂಡಿ ಕುಟ್ಟಕ್ಕೆ ಆಯ್ತದೆ. ಕೈ ಎತ್ತಿ ಬಾಣದ ಗುಂಡಿಗೆ ಹೋದ್ರೆ ಪಕ್ಕದ್ದಕ್ಕೆ ಬೀಳ್ತದೆ, ಇದನ್ನ ಹಿಡಿದು ನಿಲ್ಸಕ್ಕೆ ಆಗಲ್ಲ. ಯಜಮಾನಮ್ಮಂಗೆ ಹೇಳಬ್ಯಾಡ, ಕೆಲಸದಿಂದ ತೆಗೆದುಬಿಡ್ತಾರೆ."

ಅವನ ಕೈ ಕೆಳಗಿನಿಂದ ಮೌಸ್ ತೆಗೆದು ಮೇಜಿನ ಆ ತುದಿಗೆ ನೂಕಿ, ಎದ್ದು ಯಜಮಾನಿಯ ಹತ್ತಿರ ಹೋದೆ.

"ನಮ್ಮ ತಮ್ಮ ಹುಟ್ಟಾ ಹಟಮಾರಿ ಕಣ್ರವ್ವ. ಬಡಿದ್ರೂ ಬಗ್ಗಲ್ಲ. ಆ ಹಳೇದು ಏನೈತೋ ಅದನ್ನ ಅವನ ಕಂಪ್ಯೂಟರಿಗೆ ಒಂದಕ್ಕೆ ವಾಪಸ್ ಹಾಕ್ಸಿಬಿಡಿ. ಅದನ್ನ ನೀವು ಯಾರೂ ಮುಟ್ಟಬ್ಯಾಡಿ."

ಅವರು ಗೊಣಗಿದರು. ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ಹಾಸನಕ್ಕೆ ಫೋನು ಹೋಯಿತು. ಅಲ್ಲಿನವನು ಹೇಳುತ್ತಾ ಹೋದ, ಯಜಮಾನಿ ಮಾಡುತ್ತಾ ಹೋದರು. ಎದುರಿನ ಕಚೇರಿಯಿಂದ ಜನ ಊಟಕ್ಕೆ ಹೊರಟರು.

"ಅಕ್ಕ, ಒಂದು ಗಂಟೆ ದಾಟ್ತು," ಎಂದ ತಮ್ಮ. ದನಿ ಸಣ್ಣಗಾಗಿತ್ತು.

"ದಾಟ್ಲಿ ಬಿಡು. ಮುಂದಿನ ಸೋಮವಾರ ಬತ್ತೀನಿ. ನೀನು ಅವಸರ ಮಾಡ್ಬ್ಯಾಡ."